ಪನ್ನೀರಿನ ಹನಿಗೆ ಯಾರ ಹೆಸರು?

ಮದುವೆ ಮನೆಯ ಬಾಗಿಲಲ್ಲಿ ನಿಂತು ಬಂದವರ ಮೇಲೆ ಪನ್ನೀರು ಚಿಮುಕಿಸುವ ಪದ್ಧತಿ ನಮ್ಮ ನಾಡಿನಲ್ಲಿ ಹಿಂದೂಗಳಲ್ಲೂ ಇದೆ, ಮುಸ್ಲಿಮರಲ್ಲೂ ಇದೆ. ಆ ಪರಿಮಳ ಹೂವಿನಿಂದ ಬೇರೆಯಾಗಿ ನೀರಿಗೆ ಬಂದದ್ದು ಹೇಗೆ ಎಂದು ಕೇಳಿದರೆ ಉತ್ತರ ಮಕ್ಕಳ ವಿಜ್ಞಾನದ ಪುಸ್ತಕದಲ್ಲಿದೆ. ಮಿಶ್ರಣಗಳನ್ನು ಬೇರ್ಪಡಿಸುವ ಪಾಠದಲ್ಲಿ ಜರಡಿ ಹಿಡಿಯುವುದು, ಸೋಸುವುದು, ಆವಿಯಾಗಿಸುವುದು ಎಲ್ಲ ಆದ ಮೇಲೆ ಬಟ್ಟಿ ಇಳಿಸುವ ವಿಧಾನ ಬರುತ್ತದೆ. ಕನ್ನಡದಲ್ಲಿ ಅದು ಆಸವನ. ಉರ್ದುವಿನಲ್ಲಿ ತಕ್ತೀರ್. ಹನಿ ಎಂಬ ಅರ್ಥದ ‘ಕತ್ರಾ’ ಹುಟ್ಟಿದ ಧಾತುವಿನಿಂದಲೇ ಆ ಪದವೂ ಹುಟ್ಟಿದೆ.

ವಿಧಾನ ಸರಳ. ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕು, ಮದ್ಯಸಾರಕ್ಕೆ 78 ಸಾಕು. ಎರಡೂ ಬೆರೆತದ್ದನ್ನು ಕಾಯಿಸಿದರೆ ಮೊದಲು ಏಳುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚು. ಆ ಆವಿಯನ್ನು ತಣ್ಣನೆಯ ಕೊಳವೆಯಲ್ಲಿ ಹಾಯಿಸಿದರೆ ಮತ್ತೆ ಹನಿಯಾಗಿ ಬೇರೆ ಪಾತ್ರೆಗೆ ಬೀಳುತ್ತದೆ. ಗುಲಾಬಿಯ ಸಂಗತಿ ಸ್ವಲ್ಪ ಬೇರೆ. ಅದರ ಪರಿಮಳದ ಎಣ್ಣೆ ಕುದಿಯುವುದು ನೀರಿಗಿಂತ ಬಹಳ ಹೆಚ್ಚಿನ ಉಷ್ಣತೆಯಲ್ಲಿ. ಆದರೂ ಎಸಳುಗಳನ್ನು ನೀರಿನಲ್ಲಿ ಹಾಕಿ ಕುದಿಸಿದರೆ ನೀರಾವಿಯೇ ಆ ಎಣ್ಣೆಯನ್ನು ತನ್ನ ಜೊತೆ ಕರೆದೊಯ್ಯುತ್ತದೆ.

ಈ ಪಾಠ ಓದುವ ಮಗುವಿಗೆ ಸಾಮಾನ್ಯವಾಗಿ ಯಾವ ಮನುಷ್ಯನ ಹೆಸರೂ ಸಿಗುವುದಿಲ್ಲ. ಯಾರೋ ಯಾವಾಗಲೋ ಕಂಡುಕೊಂಡದ್ದು ಎಂಬಂತೆ ಓದಿ ಪರೀಕ್ಷೆ ಬರೆಯುತ್ತದೆ. ಇನ್ನೊಂದು ಕಡೆ, ರಸಾಯನಶಾಸ್ತ್ರವೆಲ್ಲ ನಮ್ಮ ಜಾಬಿರ್ ಇಬ್ನ್ ಹಯ್ಯಾನ್ ಕೊಟ್ಟದ್ದು ಎಂಬ ಘೋಷಣೆಯನ್ನು ನಮ್ಮ ಸಭೆಗಳಲ್ಲಿ ನಾವು ಕೇಳುತ್ತೇವೆ. ಪುಸ್ತಕದ ಮೌನದಿಂದ ನೊಂದ ಮನಸ್ಸಿಗೆ ಈ ಮಾತು ಹಿತವೆನಿಸುವುದು ಸಹಜವೇ. ಆದರೆ ಚರಿತ್ರೆ ಏನು ಹೇಳುತ್ತದೆ ಎಂಬುದನ್ನೂ ನಾವು ನೋಡಬೇಕಲ್ಲವೆ?

ಬಟ್ಟಿ ಪಾತ್ರೆಯ ಹಳೆಯ ವಿವರಗಳು ನಮಗೆ ಸಿಗುವುದು ಈಜಿಪ್ಟಿನಿಂದ. ಅಲ್ಲಿಯ ಪನೋಪೊಲಿಸ್ ಎಂಬ ಊರಿನ ಜೋಸಿಮಸ್ ಕ್ರಿ.ಶ. 300ರ ಸುಮಾರಿಗೆ ಗ್ರೀಕ್ ಭಾಷೆಯಲ್ಲಿ ಬರೆದವನು. ಮೂರು ಕೊಳವೆಗಳ ಬಟ್ಟಿ ಪಾತ್ರೆಯನ್ನು ವಿವರಿಸುವಾಗ ಅದರ ಕೀರ್ತಿಯನ್ನು ಆತ ತನಗಿಂತ ಹಿಂದಿನ ಮರಿಯಾ ಎಂಬ ಯಹೂದಿ ಮಹಿಳೆಗೆ ಸಲ್ಲಿಸುತ್ತಾನೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಹದವಾಗಿ ಕಾಯಿಸುವ ಕ್ರಮಕ್ಕೆ ಫ್ರೆಂಚರು ಇಂದಿಗೂ ‘ಮರಿಯಾಳ ಸ್ನಾನ’ ಎಂಬ ಅರ್ಥದ ಹೆಸರಿಟ್ಟುಕೊಂಡಿದ್ದಾರೆ.

ಆವಿಯನ್ನು ಹಿಡಿಯುವ ಮೇಲಿನ ಪಾತ್ರೆಗೆ ಗ್ರೀಕರು ‘ಅಂಬಿಕ್ಸ್’ ಎಂದರು. ಎಂಟನೆಯ ಶತಮಾನದಿಂದ ಮುಂದೆ ಅಬ್ಬಾಸಿ ಖಲೀಫರ ಕಾಲದಲ್ಲಿ ಗ್ರೀಕ್ ಮತ್ತು ಸಿರಿಯಾಕ್ ಗ್ರಂಥಗಳು ಅರಬ್ಬಿಗೆ ಬಂದವು. ಅನುವಾದಕರಲ್ಲಿ ಬಹಳ ಮಂದಿ ಕ್ರೈಸ್ತರು. ಅಂಬಿಕ್ಸ್ ಅರಬ್ಬಿಯಲ್ಲಿ ‘ಅಲ್ ಅಂಬೀಕ್’ ಆಯಿತು, ಅಲ್ಲಿಂದ ಲ್ಯಾಟಿನ್ನಿಗೆ ಹೋಗಿ ಇಂಗ್ಲಿಷಿನ ‘ಅಲೆಂಬಿಕ್’ ಆಯಿತು.

ಹಾಗಾದರೆ ಅರಬ್ಬಿಯಲ್ಲಿ ಬರೆದವರ ಕೊಡುಗೆ ಏನು? ಸಣ್ಣದೇನಲ್ಲ. 925ರ ಸುಮಾರಿಗೆ ತೀರಿಕೊಂಡ ಇರಾನಿನ ವೈದ್ಯ ಅಬೂಬಕರ್ ಅಲ್ ರಾಝಿಯ ‘ಕಿತಾಬುಲ್ ಅಸ್ರಾರ್’ ಅಂದರೆ ರಹಸ್ಯಗಳ ಪುಸ್ತಕ. ಒಳಗೆ ನೋಡಿದರೆ ಅದು ಕೆಲಸಗಾರನ ಕೈಪಿಡಿ. ವಸ್ತುಗಳನ್ನು ಖನಿಜ, ಸಸ್ಯ, ಪ್ರಾಣಿ ಎಂದು ವಿಂಗಡಿಸಿ, ಬೇಕಾದ ಉಪಕರಣಗಳ ಪಟ್ಟಿ ಕೊಟ್ಟು, ಮಾಡುವ ಕ್ರಮವನ್ನು ಆತ ಬರೆದಿಟ್ಟ. ಕಾಯಿಸುವ ಕೆಳಗಿನ ಪಾತ್ರೆಗೆ ಅವರು ಇಟ್ಟ ಹೆಸರು ‘ಕರ್ಅ’, ಅಂದರೆ ಸೋರೆಕಾಯಿ. ಆಕಾರವೂ ಹಾಗೆಯೇ. ಒಂಬತ್ತನೆಯ ಶತಮಾನದ ತತ್ವಜ್ಞಾನಿ ಅಲ್ ಕಿಂದಿಯ ಹೆಸರಿನಲ್ಲಿರುವ ಸುಗಂಧದ ಪುಸ್ತಕದಲ್ಲಿ 107 ತಯಾರಿಕೆಗಳಿವೆ. ಇರಾನಿನ ಜೂರ್ ಪಟ್ಟಣದ ಪನ್ನೀರು ಹತ್ತನೆಯ ಶತಮಾನದಲ್ಲೇ ದೂರದ ದೇಶಗಳಿಗೆ ಹೋಗುತ್ತಿತ್ತು. ಕೆಲವರ ಗುಟ್ಟಾಗಿದ್ದ ವಿದ್ಯೆ ಊರಿನ ಕಸುಬಾಯಿತು.

ಇನ್ನು ಜಾಬಿರ್. ಆತನ ಹೆಸರಿನಲ್ಲಿರುವ ಕೃತಿಗಳು ಮೂರು ಸಾವಿರದಷ್ಟು. ಒಬ್ಬ ಮನುಷ್ಯ ಇಷ್ಟೆಲ್ಲ ಬರೆಯಬಲ್ಲನೆ ಎಂಬ ಪ್ರಶ್ನೆ ಎದ್ದದ್ದು ಬಾಗ್ದಾದಿನಲ್ಲೇ. ಪುಸ್ತಕ ವ್ಯಾಪಾರಿ ಇಬ್ನ್ ನದೀಮ್ 987ರ ಸುಮಾರಿಗೆ ಬರೆದ ‘ಫಿಹ್ರಿಸ್ತ್’ನಲ್ಲಿ, ಅಂಥ ವ್ಯಕ್ತಿಯೇ ಇರಲಿಲ್ಲವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ ಎಂದು ದಾಖಲಿಸಿ, ತಾನು ಅದನ್ನು ಒಪ್ಪುವುದಿಲ್ಲವೆಂದೂ ಕಾರಣ ಸಹಿತ ಹೇಳಿದ್ದಾನೆ. ಪಾಲ್ ಕ್ರೌಸ್ ಎಂಬ ಯಹೂದಿ ವಿದ್ವಾಂಸ 1942 ಮತ್ತು 1943ರಲ್ಲಿ ಕೈರೋದಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ, ಇವು ಒಂದು ಪಂಥದ ಹಲವರು ಸೇರಿ ಬರೆದವು ಎಂದು ವಾದಿಸಿದರು. ಜಾಬಿರ್ ಕಂಡುಹಿಡಿದದ್ದೆಂದು ನಾವು ಹೇಳುತ್ತಿರುವ ನೈಟ್ರಿಕ್ ಆಮ್ಲದ ವಿವರ ಬರುವುದು ‘ಗೇಬರ್’ ಎಂಬ ಹೆಸರು ಹೊತ್ತ, 1300ರ ಆಸುಪಾಸಿನ ಲ್ಯಾಟಿನ್ ಪುಸ್ತಕಗಳಲ್ಲಿ. ಸಂಶಯಪಡುವುದು ವೈರಿಗಳ ಕೆಲಸ ಎಂದು ನಮ್ಮಲ್ಲಿ ಭಾವಿಸುವವರು ಇಬ್ನ್ ನದೀಮನನ್ನು ಒಮ್ಮೆ ನೆನೆಯಬೇಕು.

ಪದಗಳ ಪಯಣವೂ ಇಂಥದೇ. ನಮ್ಮ ಅಜ್ಜಿಯರು ಕಣ್ಣಿಗೆ ಹಚ್ಚುತ್ತಿದ್ದ ಸುರ್ಮಾಕ್ಕೆ ಅರಬ್ಬಿಯಲ್ಲಿ ‘ಕುಹ್ಲ್’. ಯುರೋಪಿನಲ್ಲಿ ಅದು ಮೊದಲು ನುಣ್ಣನೆಯ ಪುಡಿ ಎಂದಾಯಿತು, ಆಮೇಲೆ ಯಾವುದೇ ವಸ್ತುವಿನ ಸಾರ ಎಂದಾಯಿತು. ಹದಿನಾರನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ದ್ರಾಕ್ಷಾರಸದ ಸಾರಕ್ಕೆ ಆ ಹೆಸರು ಬಳಸಿದ. ಹೀಗೆ ಸುರ್ಮಾ ಆಲ್ಕೋಹಾಲ್ ಆಯಿತು!

ಬಟ್ಟಿ ಪಾತ್ರೆ ನಮ್ಮ ದೇಶಕ್ಕೂ ಹೊಸತಲ್ಲ. ಸಂಸ್ಕೃತದ ರಸಶಾಸ್ತ್ರ ಗ್ರಂಥ ‘ರಸರತ್ನಸಮುಚ್ಚಯ’ದಲ್ಲಿ ಓರೆ ಕೊಳವೆಯ ತಿರ್ಯಕ್‌ಪಾತನ ಯಂತ್ರದ ವಿವರಣೆಯಿದೆ. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ಇಲ್ಲೇ ಉಳಿದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅದರ ಎಣ್ಣೆ ತೆಗೆಯುವ ಕ್ರಮ ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸಂಸ್ಥಾನದ ಬಟ್ಟಿ ಶುರುವಾಯಿತು. ಗುಲಾಬಿಯ ಎಣ್ಣೆಯಂತೆ ಗಂಧದೆಣ್ಣೆಯನ್ನೂ ಹೊತ್ತು ತರುವುದು ನೀರಾವಿಯೇ.

ಮಿಶ್ರಣವನ್ನು ಬೇರ್ಪಡಿಸುವ ವಿದ್ಯೆಯ ಚರಿತ್ರೆಯಲ್ಲಿ ಇದು ಯಹೂದಿಯದು, ಇದು ಮುಸ್ಲಿಮನದು, ಇದು ಹಿಂದೂವಿನದು ಎಂದು ಬೇರ್ಪಡಿಸಲು ಹೊರಟರೆ ಕೈಗೆ ಏನೂ ಉಳಿಯುವುದಿಲ್ಲ. ಆದರೆ ಯಾರು ಎಷ್ಟು ಮಾಡಿದರು ಎಂಬ ಲೆಕ್ಕ ಇರಲೇಬೇಕು. ಪುಸ್ತಕದ ಮೌನ ರಾಝಿಗೆ ಅನ್ಯಾಯ ಮಾಡುತ್ತದೆ, ಸಭೆಯ ಘೋಷಣೆ ಮರಿಯಾಳಿಗೆ. ಈ ಪಾಠ ಕಲಿಸುವ ಮೇಷ್ಟ್ರುಗಳು ಪಾತ್ರೆಯ ಚಿತ್ರ ಬರೆದ ಮೇಲೆ ಐದು ನಿಮಿಷ ಬಿಡುವು ಮಾಡಿಕೊಂಡು ಇವರಿಬ್ಬರ ಹೆಸರನ್ನೂ ಮಕ್ಕಳಿಗೆ ಹೇಳಲಿ.