ಫೈನಲ್‌ಗೆ ಮುಂಚಿನ ಲೆಕ್ಕಾಚಾರ: ಹೈದರಾಬಾದಿನ ಫುಟ್‌ಬಾಲ್ ಮತ್ತು ‘ನಾವು’ ಎಂಬ ಪದ

ಫೈನಲ್ ದಿನ ಆಟಗಾರರಿಗೆ ಕೆಲಸ. ಅದರ ಹಿಂದಿನ ವಾರವೆಲ್ಲ ಅಭಿಮಾನಿಗಳಿಗೆ. ಯಾರ ಮಂಡಿ ನೋಯುತ್ತಿದೆ, ಗೋಲಿ ಎಡಕ್ಕೆ ಹಾರುತ್ತಾನೋ ಬಲಕ್ಕೋ, ಕಳೆದ ಸಲ ಇದೇ ತಂಡದ ಎದುರು ಏನಾಗಿತ್ತು ಎಂದು ಚಹಾ ಆರಿಹೋಗುವವರೆಗೂ ವಾದ ನಡೆಯುತ್ತದೆ. ಆ ವಾದದಲ್ಲಿ ಎಲ್ಲರೂ ಬಳಸುವ, ಆದರೆ ಯಾರೂ ವಿವರಣೆ ಕೇಳದ ಪದ ಒಂದಿದೆ: ‘ನಾವು’. ‘ನಾಳೆ ನಾವು ಗೆಲ್ತೀವಾ?’ ಎನ್ನುವಾತ ಚೆಂಡು ಮುಟ್ಟುವುದಿಲ್ಲ, ಸಂಬಳ ಪಡೆಯುವುದಿಲ್ಲ. ಆದರೂ ಹನ್ನೊಂದು ಜನರ ಜೊತೆ ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಆ ಹಕ್ಕು ಅವನಿಗೆ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಹೈದರಾಬಾದಿನಲ್ಲಿ ಎರಡು ಕಾಲದ ಎರಡು ಉತ್ತರಗಳಿವೆ. ಹೊಸದರಿಂದ ಶುರುಮಾಡೋಣ.

2022ರ ಮಾರ್ಚ್ 20ರಂದು ಗೋವಾದ ಫಟೋರ್ಡಾ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್ ನಡೆಯಿತು: ಹೈದರಾಬಾದ್ ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಲೆಕ್ಕಾಚಾರ ಹೈದರಾಬಾದಿನ ಪರವಾಗಿತ್ತು. ತಂಡ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದಿತ್ತು, ಕೇರಳ ನಾಲ್ಕನೇ ಸ್ಥಾನ. ಹೈದರಾಬಾದಿನ ಬಾರ್ತಲೋಮ್ಯು ಒಗ್ಬೆಚೆ ಆ ಸೀಸನ್‌ನಲ್ಲಿ 18 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಕೇರಳ ಅದಕ್ಕೂ ಮೊದಲು 2014 ಮತ್ತು 2016ರಲ್ಲಿ ಎರಡು ಫೈನಲ್ ಆಡಿ ಎರಡನ್ನೂ ಸೋತಿತ್ತು. ಕೇರಳದವರ ಬಳಿ ಒಂದೇ ವಾದ: ಗ್ಯಾಲರಿ ನಮ್ಮದು. ಅದು ನಿಜವೂ ಆಗಿತ್ತು. ಗೋವಾಕ್ಕೆ ಹರಿದುಬಂದ ಕೇರಳದ ಅಭಿಮಾನಿಗಳಿಂದ ಗ್ಯಾಲರಿ ಹಳದಿಯಾಗಿತ್ತು. ವಿಚಿತ್ರವೆಂದರೆ ಮೈದಾನದಲ್ಲಿ ಹಳದಿ ಅಂಗಿ ತೊಟ್ಟಿದ್ದು ಹೈದರಾಬಾದ್! ಅದರ ಬಣ್ಣವೂ ಹಳದಿಯೇ. ಆ ದಿನ ಹಳದಿ ಧರಿಸುವ ಹಕ್ಕು ಅದಕ್ಕೆ ಸಿಕ್ಕಿತ್ತು.

ಪಂದ್ಯ 1-1ರಲ್ಲಿ ನಿಂತಿತು. ಪೆನಾಲ್ಟಿಯಲ್ಲಿ ಗೋಲಿ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಒದೆತಗಳನ್ನು ತಡೆದರು. ಹೈದರಾಬಾದ್ 3-1ರಿಂದ ಗೆದ್ದಿತು. ಲೆಕ್ಕಾಚಾರ ಸರಿಯಾಯಿತು. ಆದರೆ ಕೋವಿಡ್ ಕಾರಣಕ್ಕೆ ಲೀಗ್ ಪೂರ್ತಿ ಗೋವಾದಲ್ಲೇ ನಡೆದಿದ್ದರಿಂದ ಆ ತಂಡ ಸತತ ಎರಡು ಸೀಸನ್ ತನ್ನ ಊರಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಪುಣೆಯ ತಂಡ ಮುಚ್ಚಿದಾಗ ಅದರ ಜಾಗಕ್ಕೆ 2019ರಲ್ಲಿ ಹುಟ್ಟಿದ ಕ್ಲಬ್ ಅದು. ಊರಿನ ಜನ ತಮ್ಮ ಮೈದಾನದಲ್ಲಿ ಕಣ್ಣಾರೆ ನೋಡಲಾಗದ ಸೀಸನ್‌ನಲ್ಲಿ ಅದು ಚಾಂಪಿಯನ್ ಆಗಿತ್ತು.

ಇದೇ ಊರಿನಲ್ಲಿ ಎಪ್ಪತ್ತು ವರ್ಷದ ಹಿಂದೆ ಲೆಕ್ಕಾಚಾರ ಬೇರೆ ಥರ ನಡೆಯುತ್ತಿತ್ತು. ಅದರ ಎಳೆ ಹಿಡಿಯಲು ಕಾಚಿಗೂಡಕ್ಕೆ ಬರಬೇಕು.

ಕಾಚಿಗೂಡ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ರೈಲು. ನಿಜಾಮರ ಕಾಲದಲ್ಲಿ, 1916ರಲ್ಲಿ ಕಟ್ಟಿದ ಗುಮ್ಮಟಗಳ ನಿಲ್ದಾಣ ಅದು. ಆಮೇಲೆ ನೆನಪಾಗುವುದು ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಕೋರ್ಟು, ಕಚೇರಿ, ಕಾಲೇಜು ಎಂದು ಬಂದವರಿಗೆ ಇದು ರಾಜಧಾನಿ. ಅವರಲ್ಲಿ ಕೆಲವರು ಇಲ್ಲೇ ನೆಲೆಸಿದರು. ಫುಟ್‌ಬಾಲ್ ಚರಿತ್ರೆಯಲ್ಲಿ ಕಾಚಿಗೂಡಕ್ಕೆ ಜಾಗ ಸಿಕ್ಕಿದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಇಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಒಬ್ಬ ಮೇಷ್ಟ್ರಿದ್ದರು: ಸೈಯದ್ ಅಬ್ದುಲ್ ರಹೀಂ.

1909ರಲ್ಲಿ ಹುಟ್ಟಿದ ರಹೀಂ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿನ ತಂಡಕ್ಕೆ ಆಡಿದರು. ಕಾಚಿಗೂಡದ ಮಿಡ್ಲ್ ಸ್ಕೂಲು, ಚಾದರ್‌ಘಾಟ್ ಹೈಸ್ಕೂಲು ಹೀಗೆ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟೋಟದ ಹೊಣೆ ಹೊತ್ತರು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಿಟಿ ಪೊಲೀಸ್ ತಂಡದ ತರಬೇತಿಯೂ ಅವರ ಪಾಲಿಗೆ ಬಂತು.

ಮೇಷ್ಟ್ರ ಗುಣ ಅವರನ್ನು ಕೊನೆವರೆಗೂ ಬಿಡಲಿಲ್ಲ. ಅವರು ನಡೆಸಿದ ಸ್ಥಳೀಯ ಪಂದ್ಯಾವಳಿಗಳ ನಿಯಮ ನೋಡಿ. ಒಂದರಲ್ಲಿ ಚೆಂಡನ್ನು ಕಾಲಲ್ಲೇ ಆಡಿಸುತ್ತ ಮುಂದೆ ಒಯ್ಯುವಂತಿಲ್ಲ. ಬಂದ ಚೆಂಡನ್ನು ಪಾಸ್ ಮಾಡಲೇಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಿಂದಲೇ ಒದೆಯಬೇಕು. ಅಕ್ಷರ ಕೆಟ್ಟಿರುವ ಹುಡುಗನಿಗೆ ಕಾಪಿ ಬರೆಸುವ ಕ್ರಮವೇ ಇದು. ಆಗ ನಮ್ಮ ಫುಟ್‌ಬಾಲಿನಲ್ಲಿ ಚೆಂಡು ಹಿಡಿದವನೇ ರಾಜ. ಚೆಂಡಿಗಿಂತ ಖಾಲಿ ಜಾಗ ಮುಖ್ಯ, ಒಬ್ಬನ ಕೈಚಳಕಕ್ಕಿಂತ ಹನ್ನೊಂದು ಜನ ನಿಲ್ಲುವ ಕ್ರಮ ಮುಖ್ಯ ಎಂದು ಕಲಿಸಿದವರು ರಹೀಂ.

ಫಲ ತಡವಾಗಲಿಲ್ಲ. ಮುಂಬಯಿಯ ರೋವರ್ಸ್ ಕಪ್ 1891ರಿಂದ ನಡೆದುಬಂದ ಪಂದ್ಯಾವಳಿ. ಮೊದಮೊದಲು ಬ್ರಿಟಿಷ್ ಪಲ್ಟನ್‌ಗಳೇ ಗೆಲ್ಲುತ್ತಿದ್ದ ಅದನ್ನು 1937 ಮತ್ತು 1938ರಲ್ಲಿ ಗೆದ್ದು ತೋರಿಸಿದ್ದು ನಮ್ಮ ಬೆಂಗಳೂರಿನ ‘ಬ್ಯಾಂಗಲೂರ್ ಮುಸ್ಲಿಮ್ಸ್’ ತಂಡ. 1950ರಿಂದ 1954ರವರೆಗೆ ಅದೇ ಕಪ್ಪನ್ನು ಹೈದರಾಬಾದ್ ಸಿಟಿ ಪೊಲೀಸ್ ಸತತ ಐದು ಸಲ ಗೆದ್ದಿತು. ಸ್ವಾತಂತ್ರ್ಯದ ನಂತರ 1950ರಲ್ಲಿ ದೆಹಲಿಯಲ್ಲಿ ಡ್ಯುರಾಂಡ್ ಕಪ್ ಮತ್ತೆ ಶುರುವಾದಾಗ, ಮೋಹನ್ ಬಗಾನ್ ತಂಡವನ್ನು ಮಣಿಸಿ ಅದನ್ನೂ ಒಯ್ದಿತು.

ಆ ವರ್ಷ ಯಾವುದೆಂದು ನೆನಪಿಸಿಕೊಳ್ಳಿ. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಹೈದರಾಬಾದಿಗೆ ಬಂದಿತ್ತು. ರಜಾಕಾರರ ಹಾವಳಿ, ಅದರ ಹಿಂದೆಯೇ ಬಂದ ‘ಪೊಲೀಸ್ ಆಕ್ಷನ್’, ಅದರ ನಂತರದ ಹಿಂಸೆ: ಬೀದರ್ ಗುಲ್ಬರ್ಗದ ಹಳ್ಳಿಗಳಲ್ಲಿ ಎರಡೂ ಕಡೆಯ ಗಾಯ ಇನ್ನೂ ಹಸಿ. ಎರಡೇ ವರ್ಷದಲ್ಲಿ ಆ ರಾಜ್ಯದ ರಾಜಧಾನಿಯ ಪೊಲೀಸರ ತಂಡ ದೇಶದ ರಾಜಧಾನಿಗೆ ಹೋಗಿ ಕಪ್ ಎತ್ತಿತು. ತಂಡದಲ್ಲಿ ಮುಸ್ಲಿಮರಿದ್ದರು, ಹಿಂದೂಗಳಿದ್ದರು, ಕ್ರೈಸ್ತರಿದ್ದರು. ಫುಟ್‌ಬಾಲ್ ಗಾಯ ವಾಸಿಮಾಡಿತು ಎಂದರೆ ಉತ್ಪ್ರೇಕ್ಷೆ. ಆದರೆ ‘ನಾವು’ ಎನ್ನಲು ಜನ ಅಂಜುತ್ತಿದ್ದ ಕಾಲದಲ್ಲಿ ಬಾಯಿಬಿಟ್ಟು ‘ನಾವು’ ಎನ್ನಬಹುದಾದ ಒಂದು ಜಾಗವನ್ನು ಅದು ಕೊಟ್ಟಿತು.

ಆಗಿನ ಅಭಿಮಾನಿ ಫೈನಲ್‌ಗೆ ಮುಂಚೆ ಯಾವ ಆಧಾರದ ಮೇಲೆ ವಾದಿಸಬಹುದಿತ್ತು? ಟಿವಿ ಇಲ್ಲ, ಅಂಕಿಅಂಶದ ಪಟ್ಟಿಯಿಲ್ಲ. ಪಂದ್ಯ ನಡೆಯುವುದು ಮುಂಬಯಿಯ ಕೂಪರೇಜ್ ಮೈದಾನದಲ್ಲೋ ದೆಹಲಿಯಲ್ಲೋ. ಸುದ್ದಿ ಬರುವುದು ರೇಡಿಯೋದಲ್ಲಿ, ಮರುದಿನದ ಪತ್ರಿಕೆಯಲ್ಲಿ. ಆದರೆ ಅವನ ಕೈಯಲ್ಲಿ ಬೇರೆಯೇ ಮಾಹಿತಿಯಿತ್ತು. ಆ ಆಟಗಾರ ಹುಡುಗನಾಗಿದ್ದಾಗ ಆಡಿದ್ದು ಇದೇ ಊರಿನ ಮೈದಾನಗಳಲ್ಲಿ. ಅವನಿಗೆ ಕಲಿಸಿದ ಮೇಷ್ಟ್ರು ಊರಿನವರೇ. ಅವನಿಗೆ ಪೊಲೀಸ್ ಇಲಾಖೆಯಲ್ಲಿ ನೌಕರಿಯಿದೆ, ಆದ್ದರಿಂದ ಬರುವ ವರ್ಷವೂ ಇಲ್ಲೇ ಇರುತ್ತಾನೆ. ಅವನ ಎಡಗಾಲು ಎಷ್ಟು ಚುರುಕು ಎಂಬುದು ವರದಿಯ ಮಾತಲ್ಲ, ಬೇಲಿಯ ಪಕ್ಕ ನಿಂತು ನೋಡಿದ್ದು. ಶಾಲೆ, ಸ್ಥಳೀಯ ಲೀಗ್, ನೌಕರಿ, ಆಮೇಲೆ ಕಪ್. ‘ನಾವು’ ಎಂಬುದಕ್ಕೆ ಅಡಿಪಾಯ ಇದು.

ಈ ಅಡಿಪಾಯದ ಮೇಲೆ ನಿಂತ ಕನ್ನಡಿಗನಿಗೆ ಮಾತ್ರ ಒಂದು ಇಕ್ಕಟ್ಟಿತ್ತು. 1954ರ ಡ್ಯುರಾಂಡ್ ಫೈನಲ್ ನೋಡಿ: ಒಂದು ಕಡೆ ಹೈದರಾಬಾದ್ ಸಿಟಿ ಪೊಲೀಸ್, ಇನ್ನೊಂದು ಕಡೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತಂಡ. ಕಾಚಿಗೂಡದಲ್ಲಿ ಬಾಡಿಗೆ ಮನೆ ಹಿಡಿದ ಗುಲ್ಬರ್ಗದ ಗುಮಾಸ್ತ ಯಾರನ್ನು ‘ನಾವು’ ಎನ್ನಬೇಕು? ಭಾಷೆ ಕೇಳಿದರೆ ಬೆಂಗಳೂರು. ಊರು, ಸಂಬಳ, ಸಂಜೆಯ ಮೈದಾನ ಕೇಳಿದರೆ ಹೈದರಾಬಾದ್. ಕರ್ನಾಟಕ ಏಕೀಕರಣ ಆಗಲೇಬೇಕೆಂದು ವಾದಿಸುವವನೂ ಫುಟ್‌ಬಾಲ್ ವಿಷಯ ಬಂದಾಗ ಪೊಲೀಸ್ ತಂಡದ ಕಡೆ ವಾಲಿದ್ದರೆ ಆಶ್ಚರ್ಯವಿಲ್ಲ. ಆ ದಿನ ಗೆದ್ದದ್ದೂ ಪೊಲೀಸ್ ತಂಡವೇ. ಮೈಸೂರಿನದೂ ಸಣ್ಣ ಹೆಸರಲ್ಲ. 1946 ಮತ್ತು 1952ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಈಸ್ಟ್ ಬೆಂಗಾಲ್‌ನ ಮುಂಪಡೆಯ ಹೆಸರಾಂತ ‘ಪಂಚಪಾಂಡವ’ರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಒಬ್ಬರು.

1956ರ ನವೆಂಬರ್ 1ರಂದು ನಕಾಶೆ ಬದಲಾಯಿತು. ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಪ್ರದೇಶಕ್ಕೆ. ಹೈದರಾಬಾದ್ ಎಂಬ ರಾಜ್ಯ ಉಳಿಯಲಿಲ್ಲ. ಆದರೆ ಫುಟ್‌ಬಾಲ್ ಸಂಸ್ಥೆ ಹೆಸರು ಬದಲಿಸಲು ಅವಸರ ಮಾಡಲಿಲ್ಲ. 1956-57ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ‘ಹೈದರಾಬಾದ್’. 1957-58ರಲ್ಲಿ ತನ್ನದೇ ಊರಿನಲ್ಲಿ, ಮುಂಬಯಿ ತಂಡವನ್ನು 3-1ರಿಂದ ಸೋಲಿಸಿ ಮತ್ತೆ ಗೆದ್ದದ್ದೂ ‘ಹೈದರಾಬಾದ್’. ಇಲ್ಲದ ರಾಜ್ಯವೊಂದು ದೇಶದ ಚಾಂಪಿಯನ್! ಸರ್ಕಾರದ ಗೆಜೆಟ್ಟು ಒಂದು ರಾತ್ರಿಯಲ್ಲಿ ಅಳಿಸಿದ್ದನ್ನು ಮೈದಾನ ಇನ್ನೂ ಸ್ವಲ್ಪ ಕಾಲ ಉಳಿಸಿಕೊಂಡಿತ್ತು.

ಅದೇ 1956ರಲ್ಲಿ ರಹೀಂ ತರಬೇತಿಯ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂತು. ಆ ತಂಡದಲ್ಲಿ ಹೈದರಾಬಾದಿನ ಅಜೀಜುದ್ದೀನ್, ನೂರ್ ಮಹಮ್ಮದ್, ತುಳಸಿದಾಸ್ ಬಲರಾಮ್ ಇದ್ದರು. ಬೆಂಗಳೂರಿನ ಕೆಂಪಯ್ಯ ಇದ್ದರು. ಹೆಲ್ಸಿಂಕಿಯಲ್ಲಿ ಬಹುಪಾಲು ಬರಿಗಾಲಿನಲ್ಲಿ ಆಡಿ ಯುಗೊಸ್ಲಾವಿಯಾಕ್ಕೆ 1-10ರಿಂದ ಸೋತು ಆಗಿನ್ನೂ ನಾಲ್ಕು ವರ್ಷವಾಗಿತ್ತು. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್. ಗ್ಯಾಲರಿ ಪೂರ್ತಿ ಭಾರತದ ವಿರುದ್ಧ ಕೂಗುತ್ತಿತ್ತು. ಕ್ಯಾನ್ಸರ್ ಪೀಡಿತ ರಹೀಂ ಅವರ ತಂಡ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷ ಜೂನ್ 11ರಂದು ಅವರು ತೀರಿಕೊಂಡರು. ಆ ನಂತರ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಚಿನ್ನ ಬಂದಿಲ್ಲ.

ಹೈದರಾಬಾದ್ ಒಂದೇ ದಿನದಲ್ಲಿ ಕುಸಿಯಲಿಲ್ಲ. 1965-66ರಲ್ಲಿ ಆಂಧ್ರಪ್ರದೇಶ ಸಂತೋಷ್ ಟ್ರೋಫಿ ಗೆದ್ದಿತು. ಆದರೆ ಕಲ್ಕತ್ತೆಯ ಕ್ಲಬ್‌ಗಳಲ್ಲಿ ಹಣವಿತ್ತು, ಹೆಸರಿತ್ತು. ಬಲರಾಮ್ ಈಸ್ಟ್ ಬೆಂಗಾಲ್‌ಗೆ ಹೋದರು. ನಯೀಮುದ್ದೀನ್, ಹಬೀಬ್ ಹೋದರು. 1977ರಲ್ಲಿ ಪೆಲೆ ಇದ್ದ ಕಾಸ್ಮೋಸ್ ತಂಡದ ವಿರುದ್ಧ ಮೋಹನ್ ಬಗಾನ್ ಪರ ಗೋಲು ಹೊಡೆದ ಹಬೀಬ್ ಹೈದರಾಬಾದಿನ ಹುಡುಗ. ಹುಡುಗರು ಬೆಳೆಯುತ್ತಿದ್ದುದು ಇಲ್ಲಿ, ‘ನಾವು’ ಎನ್ನುವವರು ಅಲ್ಲಿ. ಮೈದಾನದ ಸಂಜೆಗಳನ್ನು ಕ್ರಿಕೆಟ್ ತುಂಬಿತು. ಒಬ್ಬ ಕಾರ್ಯದರ್ಶಿ, ಒಂದು ಇಲಾಖೆ, ಕೆಲವು ಶಾಲೆಗಳ ಮೇಲೆ ನಿಂತಿದ್ದ ವ್ಯವಸ್ಥೆಯಲ್ಲಿ ಒಂದೊಂದೇ ಕಂಬ ಸಡಿಲವಾದಾಗ ಬದಲಿ ಕಂಬ ನಿಲ್ಲಿಸುವವರು ಇರಲಿಲ್ಲ.

2024ರ ಡಿಸೆಂಬರ್ 31ರಂದು ಸಂತೋಷ್ ಟ್ರೋಫಿ ಫೈನಲ್ ಮತ್ತೆ ಹೈದರಾಬಾದಿಗೆ ಬಂತು. ಗಚ್ಚಿಬೌಲಿಯಲ್ಲಿ ಆಡಿದ್ದು ಬಂಗಾಳ ಮತ್ತು ಕೇರಳ. ಬಂಗಾಳ 1-0ಯಿಂದ ಗೆದ್ದಿತು. ಗೆಲುವಿನ ಲೆಕ್ಕ ಹಾಕಿದವರು ಅವೆರಡು ರಾಜ್ಯದವರು. ಊರಿನವರ ಪಾಲಿಗೆ ಉಳಿದದ್ದು ಅತಿಥಿ ಸತ್ಕಾರ. 2022ರಲ್ಲಿ ಐಎಸ್‌ಎಲ್ ಗೆದ್ದ ಕ್ಲಬ್ ಹಣದ ಮುಗ್ಗಟ್ಟಿಗೆ ಸಿಕ್ಕಿ ಮಾಲೀಕತ್ವ ಬದಲಿಸಿತು. 2025ರಲ್ಲಿ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಆರು ವರ್ಷದ ಹಿಂದೆ ಪುಣೆಯವರು ಏನು ಅನುಭವಿಸಿದ್ದರೋ ಅದನ್ನೇ ಈಗ ಹೈದರಾಬಾದಿನವರು ಅನುಭವಿಸಿದರು.

ಇದರಲ್ಲಿ ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ತಂಡವೊಂದನ್ನು ಕೊಳ್ಳಬಹುದು, ಸಾಗಿಸಬಹುದು. ಸಾಗಿಸಲಾಗದ್ದು ಶಾಲೆ ಮತ್ತು ಸ್ಥಳೀಯ ಲೀಗ್. ಕರ್ನಾಟಕ 2023ರ ಮಾರ್ಚ್ 4ರಂದು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ಫೈನಲ್ ನಡೆದದ್ದೂ ದೂರದ ರಿಯಾದ್‌ನಲ್ಲಿ, ನಮ್ಮ ಕಣ್ಣಿಗೆ ಕಾಣದಷ್ಟು ದೂರದಲ್ಲಿ. ಆದರೂ ಅದನ್ನು ‘ನಾವು ಗೆದ್ದೆವು’ ಎನ್ನಲು ಅಡ್ಡಿಯಿಲ್ಲ, ಏಕೆಂದರೆ ಬೆಂಗಳೂರಿನ ಲೀಗ್ ಇನ್ನೂ ಉಸಿರಾಡುತ್ತಿದೆ. ಆ ಲೀಗ್ ನೋಡಲು ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ ಎಂಬುದು ಬೇರೆ ಪ್ರಶ್ನೆ. ಫೈನಲ್ ಬಂದಾಗ ಲೆಕ್ಕ ಹಾಕಲು ಮಾತ್ರ ಎಲ್ಲರೂ ಸಿದ್ಧ.

ಮುಂದಿನ ಸಲ ಯಾರಾದರೂ ‘ನಾಳೆ ನಾವು ಗೆಲ್ತೀವಾ?’ ಎಂದರೆ ಯಾರ ಮಂಡಿ ನೋಯುತ್ತಿದೆ ಎನ್ನುವ ಮೊದಲು ಒಂದು ಮಾತು ಕೇಳಿ: ಈ ಹುಡುಗರು ಯಾವ ಶಾಲೆಯವರು, ಅಲ್ಲಿ ಆಟದ ಮೇಷ್ಟ್ರು ಇದ್ದಾರಾ? ಹೈದರಾಬಾದಿನ ಐದು ರೋವರ್ಸ್ ಕಪ್‌ಗಳ ಹಿಂದೆ ಇದ್ದದ್ದು ಆ ಪ್ರಶ್ನೆಗೆ ಸಿಕ್ಕ ಉತ್ತರ.