ನಡೆಯದೆ ನಿಂತ ಮೆರವಣಿಗೆ: ವಿಕ್ಟೋರಿಯಾ ರಾಣಿಯ ಸೂತಕ, ಎಡ್ವರ್ಡನ ಪಟ್ಟ (1901–02)

ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿ 22ರ ಮಂಗಳವಾರ ಸಂಜೆ, ಐಲ್ ಆಫ್ ವೈಟ್ ದ್ವೀಪದ ಆಸ್ಬರ್ನ್ ಅರಮನೆಯಲ್ಲಿ. ಮಗ ಏಳನೇ ಎಡ್ವರ್ಡನಿಗೆ ಪಟ್ಟಾಭಿಷೇಕವಾದದ್ದು 1902ರ ಆಗಸ್ಟ್ 9ರಂದು. ನಡುವೆ ಹದಿನೆಂಟೂವರೆ ತಿಂಗಳು. ತಾಯಿಯ ಮೇಲಿದ್ದ ಜನರ ಪ್ರೀತಿ, ಸೂತಕ ಕಳೆದ ಮೇಲೆ, ಹೊಳೆ ಕಾಲುವೆಗೆ ತಿರುಗಿದ ಹಾಗೆ ಮಗನ ಕಡೆ ಹರಿಯಿತು ಎಂದು ಈ ಅವಧಿಯನ್ನು ವಿವರಿಸುವ ರೂಢಿ ಇದೆ. ಈ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಜನ ಅತ್ತದ್ದೂ ನಿಜ, ಕಾದದ್ದೂ ನಿಜ. ಆದರೆ ಎರಡೂ ಒಂದೇ ನೀರಲ್ಲ. ಹಾಗೆನ್ನಲು ನನಗಿರುವ ಮುಖ್ಯ ಆಧಾರ ಪಟ್ಟಾಭಿಷೇಕ ನಡೆದ ದಿನವಲ್ಲ, ನಡೆಯದೆ ಹೋದ ದಿನ: 1902ರ ಜೂನ್ 26, ಗುರುವಾರ.

ಮೊದಲು ಸಾವಿನ ಮಾತು. ವಿಕ್ಟೋರಿಯಾ ಆಳಿದ್ದು 63 ವರ್ಷ 7 ತಿಂಗಳು. ಅವಳಿಗೆ ಪಟ್ಟವಾದದ್ದು 1838ರ ಜೂನ್ 28ರಂದು. 1901ರಲ್ಲಿ ಬದುಕಿದ್ದ ಬಹುಪಾಲು ಪ್ರಜೆಗಳಿಗೆ ಬೇರೆ ದೊರೆಯ ನೆನಪೇ ಇರಲಿಲ್ಲ. ನಾಣ್ಯದ ಮೇಲೆ, ಅಂಚೆಚೀಟಿಯ ಮೇಲೆ, ಕಚೇರಿಯ ಗೋಡೆಯ ಮೇಲೆ ಅದೇ ಮುಖ. ತನ್ನ ಅಂತ್ಯಕ್ರಿಯೆ ಹೇಗಿರಬೇಕೆಂದು ಅವಳು 1897ರಲ್ಲೇ ಬರೆದಿಟ್ಟಿದ್ದಳು. ಸೈನಿಕನ ಮಗಳು ತಾನು, ಆದ್ದರಿಂದ ಸೈನಿಕ ಮರ್ಯಾದೆ ಸಲ್ಲಬೇಕು. ಮತ್ತು ಕಪ್ಪು ಬೇಡ. ನಲವತ್ತು ವರ್ಷ ವಿಧವೆಯ ಕಪ್ಪು ಉಟ್ಟವಳು ಶವಪೆಟ್ಟಿಗೆಗೆ ಬಿಳಿ ಹೊದಿಕೆ ಕೇಳಿದಳು, ಮದುವೆಯ ದಿನದ ಮುಸುಕನ್ನು ಜೊತೆಗಿಡಿಸಿಕೊಂಡಳು. ಫೆಬ್ರವರಿ 2ರಂದು ಶವಯಾತ್ರೆ ಸಾಗಿದ ಲಂಡನ್ನಿನ ಬೀದಿಗಳಲ್ಲಿ ಕಟ್ಟಿದ ಬಟ್ಟೆ ನೇರಳೆ ಮತ್ತು ಬಿಳಿ. ಜನ ಮಾತ್ರ ಕಪ್ಪುಟ್ಟೇ ನಿಂತರು. ಅಂಗಡಿಗಳಲ್ಲಿ ಕಪ್ಪು ಬಟ್ಟೆಗೆ ನೂಕುನುಗ್ಗಲು.

ಸಾರ್ವಜನಿಕ ದರ್ಶನಕ್ಕೆ ಲಂಡನ್ನಿನಲ್ಲಿ ಅವಳ ದೇಹವನ್ನು ಇಡಲೇ ಇಲ್ಲ. ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ದೊರೆಯ ದೇಹವನ್ನಿಟ್ಟು ಸಾಮಾನ್ಯರನ್ನು ಸಾಲಾಗಿ ಒಳಬಿಡುವ ಪದ್ಧತಿ ಶುರುವಾದದ್ದು 1910ರಲ್ಲಿ, ಇದೇ ಎಡ್ವರ್ಡ್ ಸತ್ತಾಗ. 2022ರ ಸೆಪ್ಟೆಂಬರಿನಲ್ಲಿ ಎರಡನೇ ಎಲಿಜಬೆತ್‌ಗಾಗಿ ಥೇಮ್ಸ್ ದಂಡೆಯುದ್ದಕ್ಕೂ ಮೈಲಿಗಟ್ಟಲೆ ನಿಂತ ಸಾಲನ್ನು ಟಿ.ವಿ.ಯಲ್ಲಿ ಕಂಡ ನಾವು ಆ ಚಿತ್ರವನ್ನು 1901ಕ್ಕೆ ಒಯ್ಯಬಾರದು. ಅಂದು ಜನರಿಗೆ ಸಿಕ್ಕಿದ್ದು ಬೀದಿಯ ಬದಿ ಮಾತ್ರ, ಅದೂ ಕೆಲವು ನಿಮಿಷ.

ಆ ದಿನದ ಒಂದು ಅವಘಡವನ್ನು ಹತ್ತಿರದಿಂದ ನೋಡಬೇಕು. ವಿಂಡ್ಸರ್ ರೈಲು ನಿಲ್ದಾಣದ ಹೊರಗೆ ಫಿರಂಗಿ ಗಾಡಿಗೆ ಕಟ್ಟಿದ್ದ ಕುದುರೆಗಳು ಚಳಿಯಲ್ಲಿ ಕಾದು ಕಾದು ರೇಗಿದವು, ಮಿಣಿ ಕಡಿಯಿತು. ಗೌರವರಕ್ಷೆಗೆ ನಿಂತಿದ್ದ ನಾವಿಕರು ಕುದುರೆ ಬಿಚ್ಚಿ, ಸಿಕ್ಕ ಹಗ್ಗ ಕಟ್ಟಿ, ರಾಣಿಯ ಶವವನ್ನು ತಾವೇ ಎಳೆದುಕೊಂಡು ನಡೆದರು. ನಮ್ಮ ಕಡೆ ತೇರನ್ನು ಕೈಯಾರೆ ಎಳೆಯುವವರಿಗೆ ಈ ದೃಶ್ಯದ ಒಳಗುಟ್ಟು ಬೇಗ ತಿಳಿಯುತ್ತದೆ: ಹಗ್ಗ ಹಿಡಿದವನಿಗೂ ಗಾಡಿಯಲ್ಲಿರುವವರಿಗೂ ನಡುವೆ ಬೇರೆ ಯಾರೂ ಇಲ್ಲ. ಆ ಅವಘಡವೇ ಮುಂದೆ ವಿಧಿಯಾಯಿತು. 2022ರಲ್ಲೂ 142 ನಾವಿಕರು ಗಾಡಿ ಎಳೆದರು.

ಪ್ರೀತಿ ವ್ಯಕ್ತಿಗೆ ಅಂಟಿಕೊಂಡದ್ದು, ಗದ್ದುಗೆಗಲ್ಲ ಎನ್ನುವುದಕ್ಕೆ ಅರಮನೆಯೊಳಗೇ ಒಂದು ಸಾಕ್ಷಿ ಇದೆ. ರಾಣಿಗೆ ಹಿಂದುಸ್ತಾನಿ ಕಲಿಸುತ್ತಿದ್ದ ಮುನ್ಷಿ ಅಬ್ದುಲ್ ಕರೀಮನಿಗೆ ಅವಳ ದೇಹದ ಬಳಿ ಕೊನೆಯ ಬಾರಿ ನಿಲ್ಲಲು ಎಡ್ವರ್ಡನೇ ಅವಕಾಶ ಕೊಟ್ಟ. ಶವಯಾತ್ರೆಯಲ್ಲೂ ಕರೀಮನಿದ್ದ. ಅದಾದ ಸ್ವಲ್ಪ ದಿನಕ್ಕೇ, ರಾಣಿ ಅವನಿಗೆ ಬರೆದಿದ್ದ ಪತ್ರಗಳನ್ನು ಅವನ ಮನೆಯ ಮುಂದೆಯೇ ಸುಡಿಸಲಾಯಿತು. ತಾಯಿಯ ಮಮತೆ ಮಗನಿಗೆ ಆಸ್ತಿಯಂತೆ ಬರಲಿಲ್ಲ.

ಇನ್ನು ಕಾಯುವಿಕೆ. 64 ವರ್ಷಗಳಿಂದ ಪಟ್ಟಾಭಿಷೇಕವೇ ನಡೆದಿರಲಿಲ್ಲವಾದ್ದರಿಂದ ಅದು ಹೇಗೆ ನಡೆಯಬೇಕೆಂಬುದನ್ನೇ ಹುಡುಕಬೇಕಾಯಿತು. ವಿಕಮ್ ಲೆಗ್ ಎಂಬ ವಿದ್ವಾಂಸ ಹಳೆಯ ಪಟ್ಟಾಭಿಷೇಕಗಳ ದಾಖಲೆಗಳನ್ನು ಸಂಪಾದಿಸಿ 1901ರಲ್ಲೇ ಪ್ರಕಟಿಸಿದ. ಯಾವ ಮನೆತನಕ್ಕೆ ಯಾವ ಸೇವೆಯ ಹಕ್ಕು ಎಂದು ತೀರ್ಮಾನಿಸಲು ಪ್ರತ್ಯೇಕ ನ್ಯಾಯಪೀಠ ಕೂತಿತು. ಇದು ಒಳಗಿನ ಸಿದ್ಧತೆ. ಹೊರಗೆ, ಮೆರವಣಿಗೆ ಹಾಯುವ ದಾರಿಯಲ್ಲಿ ಮರದ ಅಟ್ಟಣಿಗೆಗಳು ಎದ್ದವು. ಪಿಂಗಾಣಿ ಲೋಟಗಳ ಮೇಲೆ ಜೂನ್ 26 ಎಂದು ಅಚ್ಚಾಯಿತು. ಬೀದಿಗೆ ಮುಖವಿದ್ದ ಕಿಟಕಿಗಳೆಲ್ಲ ಬಾಡಿಗೆಗೆ ಹೋದವು. ಮೇ 31ರಂದು ಬೋಯರ್ ಯುದ್ಧ ಒಪ್ಪಂದದಲ್ಲಿ ಮುಗಿದದ್ದು ಆ ಸಡಗರಕ್ಕೆ ಕೂಡಿಕೊಂಡಿತು. ಆ ಜೂನ್‌ನ ಸಂತೋಷದಲ್ಲಿ ಹೊಸ ದೊರೆಯ ಪಾಲೆಷ್ಟು, ಮನೆಗೆ ಮರಳುವ ಮಕ್ಕಳ ಪಾಲೆಷ್ಟು ಎಂದು ಬೇರ್ಪಡಿಸಲು ಹೋಗದಿರುವುದೇ ಒಳ್ಳೆಯದು.

ಜೂನ್ 24ರಂದು, ಎರಡು ದಿನ ಉಳಿದಿರುವಾಗ, ಪಟ್ಟಾಭಿಷೇಕ ಮುಂದಕ್ಕೆ ಹೋಯಿತೆಂಬ ಪ್ರಕಟಣೆ ಬಂತು. ಅಪೆಂಡಿಕ್ಸ್ ಸುತ್ತ ಕೀವುಗಟ್ಟಿದ ಬಾವಿನಿಂದ ದೊರೆ ನರಳುತ್ತಿದ್ದ. ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಮೇಜಿನ ಮೇಲೆ ಮಲಗಿಸಿ ಫ್ರೆಡರಿಕ್ ಟ್ರೀವ್ಸ್ ಶಸ್ತ್ರಚಿಕಿತ್ಸೆ ಮಾಡಿದರು. ಔತಣದ ಅಡುಗೆ ಆಗಲೇ ಸಿದ್ಧವಾಗಿತ್ತು. ಅಂದು ಅರಮನೆಯ ಅಡುಗೆಮನೆಯಲ್ಲಿ ಕೆಲಸ ಕಲಿಯುತ್ತಿದ್ದ ಗೇಬ್ರಿಯಲ್ ಚೂಮಿಯ ನೆನಪಿನಂತೆ, ಕೆಡುವ ಪದಾರ್ಥಗಳನ್ನು ವೈಟ್‌ಚಾಪೆಲ್‌ನ ಬಡವರಿಗೆ ಕಳಿಸಲಾಯಿತು. ಅವನು ಇದನ್ನು ಬರೆದದ್ದು ಅರ್ಧ ಶತಮಾನದ ಮೇಲೆ. ಹಾಗಾಗಿ ಅವನು ಕೊಡುವ ಎಣಿಕೆಗಳನ್ನು ನಾನಿಲ್ಲಿ ಎತ್ತಿಕೊಂಡಿಲ್ಲ. ಲಂಡನ್ನಿನ ಬಡವರಿಗೆಂದು ದೊರೆ ಮೊದಲೇ ಹಣ ತೆಗೆದಿಟ್ಟಿದ್ದ ಊಟವನ್ನು ಮಾತ್ರ ನಿಲ್ಲಿಸಲಿಲ್ಲ. ಜುಲೈ 5ರಂದು ಸುಮಾರು 5 ಲಕ್ಷ ಜನ ಊರಿನ ನಾನಾ ಕಡೆ ಕೂತು ಉಂಡರು, ದೊರೆ ಇನ್ನೂ ಹಾಸಿಗೆಯಲ್ಲಿರುವಾಗ. ಆ ವರ್ಷದ ಪಟ್ಟಾಭಿಷೇಕದಲ್ಲಿ ಅತಿ ಹೆಚ್ಚು ಜನ ಮೈಯಿಟ್ಟು ಪಾಲ್ಗೊಂಡದ್ದು ಈ ಊಟದಲ್ಲೇ ಎಂದು ನನ್ನ ಎಣಿಕೆ.

ಹಬ್ಬ ಸಾಂಗವಾಗಿ ನಡೆದರೆ ಅದಕ್ಕಾಗಿ ಕಾದದ್ದು ಹಬ್ಬದೊಳಗೇ ಕರಗಿಹೋಗುತ್ತದೆ, ಬರೆದಿಡುವವರಿಲ್ಲ. ನಿಂತುಹೋದಾಗ ಮಾತ್ರ ಯಾರು ಏನನ್ನು ನಿರೀಕ್ಷಿಸಿದ್ದರು, ಅದಕ್ಕೆ ಎಷ್ಟು ಕೊಟ್ಟಿದ್ದರು ಎಂಬುದು ಮೇಲೆ ತೇಲುತ್ತದೆ. 1902ರ ಕಾಯುವಿಕೆ ತೇಲಿದ್ದು ನ್ಯಾಯಾಲಯದಲ್ಲಿ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕಾನೂನು ಓದಿದವರಿಗೆ ‘ಕ್ರೆಲ್ ವಿರುದ್ಧ ಹೆನ್ರಿ’ ಹೆಸರು ಹೊಸದಲ್ಲ. ಭಾರತೀಯ ಕರಾರು ಕಾಯಿದೆಯ 56ನೇ ಸೆಕ್ಷನ್ ಪಾಠ ಮಾಡುವಾಗ ಅಧ್ಯಾಪಕರು ಅದನ್ನು ತಪ್ಪದೆ ಹೇಳುತ್ತಾರೆ. ಆದರೆ ಪರೀಕ್ಷೆಗೆ ಓದುವ ಭರದಲ್ಲಿ ಆ ಮೊಕದ್ದಮೆಯೊಳಗಿನ ಮನುಷ್ಯರು ಮರೆಯಾಗುತ್ತಾರೆ.

ಸಂಗತಿ ಇಷ್ಟು. ಪಾಲ್ ಮಾಲ್ ಬೀದಿಯ 56ಎ ನಂಬರಿನ ಮಹಡಿಯ ಕಿಟಕಿಯಲ್ಲಿ, ಮೆರವಣಿಗೆ ನೋಡಲು ಬಾಡಿಗೆಗಿದೆ ಎಂಬ ಚೀಟಿ ತೂಗುತ್ತಿತ್ತು. ಜೂನ್ 17ರಂದು ಹೆನ್ರಿ ಅದನ್ನು ಕಂಡು ಮನೆ ನೋಡಿಕೊಳ್ಳುವವಳನ್ನು ವಿಚಾರಿಸಿದ. ಜೂನ್ 20ರಂದು ಪತ್ರದಲ್ಲಿ ಕರಾರಾಯಿತು: 26 ಮತ್ತು 27ರ ಹಗಲು ಮಾತ್ರ, ರಾತ್ರಿ ಇಲ್ಲ, 75 ಪೌಂಡು, 25 ಮುಂಗಡ. ಉಳಿದ 50 ಪೌಂಡನ್ನು 24ರಂದು, ಅಂದರೆ ಮೆರವಣಿಗೆ ನಿಂತ ಸುದ್ದಿ ಬಂದ ದಿನವೇ, ಕೊಡಬೇಕಿತ್ತು. ಹೆನ್ರಿ ಕೊಡಲಿಲ್ಲ. ಬಾಡಿಗೆಗೆ ಕೊಟ್ಟ ಕ್ರೆಲ್ ಕೋರ್ಟಿಗೆ ಹೋದ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಪತ್ರಗಳು. ಅವುಗಳಲ್ಲಿ ಪಟ್ಟಾಭಿಷೇಕ ಎಂಬ ಮಾತೇ ಇಲ್ಲ. ಎರಡು ಹಗಲಿಗೆ 75 ಪೌಂಡು ಏಕೆಂದು ಇಬ್ಬರಿಗೂ ಗೊತ್ತಿತ್ತು, ಬರೆಯುವ ಅಗತ್ಯವೇ ಕಾಣಲಿಲ್ಲ. 1903ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಾಘನ್ ವಿಲಿಯಮ್ಸ್ ಹುಡುಕಬೇಕಾಗಿ ಬಂದದ್ದು ಹೀಗೆ ಬಾಯಿಬಿಟ್ಟು ಹೇಳದ ಸಂಗತಿಯನ್ನೇ: ಕೊಟ್ಟವನ, ಕೊಂಡವನ ಮನಸ್ಸಿನಲ್ಲಿ ಏನಿತ್ತು? ಕೊಂಡದ್ದು ಕೋಣೆಯನ್ನಲ್ಲ, ನೋಟವನ್ನು. ನೋಟದ ಬುಡವೇ ಕಳಚಿದ ಮೇಲೆ ಉಳಿದ ಹಣ ಕೊಡಬೇಕಾಗಿಲ್ಲ ಎಂದಿತು ನ್ಯಾಯಾಲಯ. ಊರಿಗೆ ಊರೇ ಹೊತ್ತಿದ್ದ ಒಂದು ನಿರೀಕ್ಷೆಯನ್ನು ನ್ಯಾಯಾಲಯ ಇಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಿದ ಇನ್ನೊಂದು ಉದಾಹರಣೆ ನನಗೆ ನೆನಪಾಗುವುದಿಲ್ಲ.

ಅದೇ ಕಾಲದ ಇನ್ನೊಂದು ಮೊಕದ್ದಮೆಯಲ್ಲಿ ನೌಕಾಪಡೆಯ ಪರಿವೀಕ್ಷಣೆ ತೋರಿಸಲು ಒಬ್ಬಾತ 250 ಪೌಂಡಿಗೆ ಹಡಗು ಗೊತ್ತುಮಾಡಿದ್ದ. ದೊರೆ ಬರದಿದ್ದರೂ ಸಮುದ್ರದಲ್ಲಿ ಹಡಗುಗಳ ಸಾಲು ಹಾಗೇ ನಿಂತಿತ್ತಲ್ಲ ಎಂದು ಅವನ ವಿರುದ್ಧ ತೀರ್ಪಾಯಿತು.

ಈ ಕಡತಗಳಲ್ಲಿ ಎಡ್ವರ್ಡನೆಂಬ ಮನುಷ್ಯನ ಮೇಲಿನ ಒಲವಿನ ಸುಳಿವಿಲ್ಲ. ಒಲವೇ ಇರಲಿಲ್ಲ ಎಂದು ಇದರಿಂದ ಸಾಧಿಸಲಾಗದು. ಕರಾರಿನಲ್ಲಿ ಯಾರೂ ಪ್ರೀತಿ ಬರೆಯುವುದಿಲ್ಲ. 1901ರಲ್ಲಿ ಶವಯಾತ್ರೆಯ ದಾರಿಯ ಕಿಟಕಿಗಳೂ ಬಾಡಿಗೆಗೆ ಹೋಗಿದ್ದವು ಎಂಬುದನ್ನೂ ಮರೆಯಬಾರದು. ದುಃಖಕ್ಕೂ ಪೇಟೆ ಇತ್ತು. ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ಶವಯಾತ್ರೆಯ ದಿನ ಕುದುರೆ ರೇಗಿದಾಗ ಹತ್ತಿರವಿದ್ದವರು ಹಗ್ಗ ಹಿಡಿದರು, ಮೆರವಣಿಗೆ ಮುಂದೆ ಹೋಯಿತು. ಪಟ್ಟಾಭಿಷೇಕ ನಿಂತಾಗ ಹಿಡಿಯಲು ಯಾವ ಹಗ್ಗವೂ ಇರಲಿಲ್ಲ. ದೊರೆಯ ಮೈ ನೆಟ್ಟಗಾಗುವ ತನಕ ಎಲ್ಲರೂ ಕಾಯಲೇಬೇಕಿತ್ತು.

ಆಗಸ್ಟ್ 9ರ ಶನಿವಾರ ಪಟ್ಟವೇನೋ ಆಯಿತು. ಜೂನ್‌ನಲ್ಲಿ ಬಂದಿದ್ದ ಹೊರದೇಶಗಳ ಗಣ್ಯರಲ್ಲಿ ಹೆಚ್ಚಿನವರು ಹೊರಟುಹೋಗಿದ್ದರು. 80 ದಾಟಿದ ಆರ್ಚ್‌ಬಿಷಪ್ ಫ್ರೆಡರಿಕ್ ಟೆಂಪಲ್‌ಗೆ ಕಣ್ಣು ಮಂಜು. ಕಿರೀಟವನ್ನು ಹಿಂದುಮುಂದಾಗಿ ಇಟ್ಟರು. ಮಂಡಿಯೂರಿ ಏಳಲಾಗದೆ ಹೋದ ಆ ಮುದುಕರ ಕೈಹಿಡಿದು ಎಬ್ಬಿಸಿದ್ದು, ತಾನೇ ಇನ್ನೂ ಚೇತರಿಸಿಕೊಳ್ಳುತ್ತಿದ್ದ ದೊರೆ. ಎಡ್ವರ್ಡನ ಬಗ್ಗೆ ನನ್ನಲ್ಲಿ ಮಮತೆ ಹುಟ್ಟಿಸುವ ಗಳಿಗೆ ಇದು.

ಕನ್ನಡನಾಡಿನ ಮಾತು. ಲಂಡನ್ನಿನ ಪಟ್ಟಕ್ಕೆ ಒಂದು ದಿನ ಮುಂಚೆ, 1902ರ ಆಗಸ್ಟ್ 8ರ ಶುಕ್ರವಾರ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವೈಸರಾಯ್ ಕರ್ಜನ್ ಹದಿನೆಂಟರ ಹರೆಯದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಳ್ವಿಕೆಯ ಅಧಿಕಾರ ವಹಿಸಿಕೊಟ್ಟರು. ಏಳು ವರ್ಷ ರಾಜ್ಯ ನಡೆಸಿದ ತಾಯಿ ಕೆಂಪನಂಜಮ್ಮಣ್ಣಿಯವರು ಬದುಕಿದ್ದೇ ಮಗನಿಗೆ ಅಧಿಕಾರ ಬಂದದ್ದನ್ನು ಕಂಡರು. ಎರಡು ದಿನಾಂಕಗಳ ಸಾಮೀಪ್ಯವನ್ನು ಆಕಸ್ಮಿಕವೆಂದೇ ಎಣಿಸುತ್ತೇನೆ. ಲಂಡನ್ನಿನ ದಿನ ಮುಂದಕ್ಕೆ ಹೋಗದಿದ್ದರೆ ಅವು ಹತ್ತಿರ ಬರುತ್ತಲೇ ಇರಲಿಲ್ಲ.

ವಿಕ್ಟೋರಿಯಾಳ ಹೆಸರು ಇಲ್ಲಿ ಉಳಿದ ಬಗೆಯನ್ನು ನೋಡುವಾಗ ಎಚ್ಚರ ಬೇಕು. ಅವಳ ಆಳ್ವಿಕೆಯ 60ನೇ ವರ್ಷದ ನೆನಪಿಗೆ 1897ರಲ್ಲಿ ಅಡಿಗಲ್ಲಿಟ್ಟು 1900ರ ಡಿಸೆಂಬರಿನಲ್ಲಿ ತೆರೆದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಹೆಸರನ್ನು ಜನ ದಿನವೂ ಹೇಳುತ್ತಾರೆ, ರಾಣಿಯನ್ನು ನೆನೆದು ಅಲ್ಲ. ಕಟ್ಟಡ ಏಳುತ್ತಿದ್ದ 1898ರಲ್ಲಿ ಊರಿಗೆ ಪ್ಲೇಗು ಬಡಿದಿತ್ತು, ಜನಕ್ಕೆ ಬೇಕಾಗಿದ್ದದ್ದು ಆಸ್ಪತ್ರೆ. ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ, ಥಾಮಸ್ ಬ್ರಾಕ್ ಕಡೆದ ರಾಣಿಯ ಅಮೃತಶಿಲೆಯ ಮೂರ್ತಿಯನ್ನು 1906ರ ಫೆಬ್ರವರಿ 5ರಂದು ಅವಳ ಮೊಮ್ಮಗನೇ ಅನಾವರಣ ಮಾಡಿದ.

ಕಡೆಗೆ ನಾಣ್ಯ. ಉತ್ತರ ಕರ್ನಾಟಕದ ಮನೆಗಳಲ್ಲಿ ರಾಣಿ ಛಾಪಿನ ರೂಪಾಯಿ ಎಂದು ಕರೆಯುವ, 11.66 ಗ್ರಾಂ ತೂಕದ ಆ ಬೆಳ್ಳಿಯ ಬಿಲ್ಲೆ ಈಗಲೂ ಲಕ್ಷ್ಮೀಪೂಜೆಯ ತಟ್ಟೆಗೆ ಬರುತ್ತದೆ. ನನ್ನ ತಾಯಿಯ ಪೂಜೆಯ ಡಬ್ಬಿಯಲ್ಲಿ ಅಂಥ ಎರಡು ರೂಪಾಯಿಗಳ ಜೊತೆ ಎಡ್ವರ್ಡನದೂ ಒಂದಿತ್ತು. 1903ರಿಂದ ಅಚ್ಚಾದ ಎಡ್ವರ್ಡನ ರೂಪಾಯಿಗಳಲ್ಲಿ ಅವನ ತಲೆಯ ಮೇಲೆ ಕಿರೀಟವಿಲ್ಲ, ಬರಿದಲೆ. ಬೆಳ್ಳಿ ಎರಡರಲ್ಲೂ ಅಷ್ಟೇ. ಆದರೂ ಹಬ್ಬದ ದಿನ ಅರಿಸಿನ ಕುಂಕುಮ ಹಚ್ಚಲು ಅವ್ವ ಆರಿಸಿಕೊಳ್ಳುತ್ತಿದ್ದದ್ದು ರಾಣಿಯದನ್ನೇ. ಯಾಕವ್ವಾ ಎಂದು ಒಮ್ಮೆ ಕೇಳಿದ್ದೆ. “ಹೆಣಮಗಳ ಮುಖ ಐತಲ್ಲೋ, ಲಕ್ಷ್ಮೀ ಅಂತ ಇಡೂದು” ಅಂದಿದ್ದಳು.