ಮಲಪ್ರಭೆಯ ನೀರಿನ ಲೆಕ್ಕ: ರೋಣ, ನರಗುಂದ, ಗಜೇಂದ್ರಗಡ

ನದಿಯಿಂದಲೋ ಜಲಾಶಯದಿಂದಲೋ ತಿರುಗಿಸಿಕೊಂಡ ನೀರನ್ನು ಅಳೆದು, ಬರೆದಿಟ್ಟು, ವರದಿ ಮಾಡಬೇಕೆಂಬ ಸರ್ಕಾರಿ ನಿಯಮಗಳು ಗದಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಮಲಪ್ರಭಾ ಯೋಜನೆಯ ಜೊತೆಗೇ ಬಂದವು. ಅದಕ್ಕೂ ಮೊದಲು ಇದು ಮಳೆ ನಂಬಿದ ಎರೆ ಸೀಮೆ. ಹತ್ತಿ, ಜೋಳ, ಕಡಲೆ ಬೆಳೆಯುವ ನೆಲ. ಇಲ್ಲಿನ ಸೂಡಿ ಗ್ರಾಮದ ನಾಗಕುಂಡದಂಥ ಪುಷ್ಕರಣಿಗಳಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಇಳಿದಿದೆ ಎಂದು ನೋಡಿದರೆ ಲೆಕ್ಕ ಮುಗಿಯುತ್ತಿತ್ತು.

ಕಾಯ್ದೆ ಮಾತ್ರ ಮೊದಲೇ ಇತ್ತು. ಮುಂಬಯಿ ಆಡಳಿತದ ಕಾಲದಲ್ಲಿ, ಈ ಸೀಮೆ ಆಗ ಸೇರಿದ್ದ ಧಾರವಾಡ ಜಿಲ್ಲೆಗೆ 1879ರ ಮುಂಬಯಿ ನೀರಾವರಿ ಕಾಯ್ದೆ ಅನ್ವಯಿಸುತ್ತಿತ್ತು. ಏಕೀಕರಣದ ನಂತರ 1965ರ ನೀರಾವರಿ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಚೌಕಟ್ಟು ಹಾಕಿತು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ 37.73 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಾಮರ್ಥ್ಯದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಸಿದ್ಧವಾದಾಗ ನರಗುಂದ, ರೋಣದ ಹೊಲಗಳಿಗೆ ಕಾಲುವೆ ನೀರು ಬಂತು. ಗುಡ್ಡದ ಸಾಲಿಗೆ ಒರಗಿ ನಿಂತಿರುವ ಗಜೇಂದ್ರಗಡ ಆಗ ರೋಣ ತಾಲ್ಲೂಕಿಗೆ ಸೇರಿತ್ತು. ಅಲ್ಲಿನವರ ಆಸರೆ ಇಂದಿಗೂ ಹೆಚ್ಚಾಗಿ ಬಾವಿ, ಬೋರ್‌ವೆಲ್‌ಗಳೇ.

ಕಾಲುವೆಯಲ್ಲಿ ನೀರು ಅಳೆಯುವ ಕ್ರಮ ಸರಳ. ಗೋಡೆಗೆ ಅಡಿ, ಅಂಗುಲ ಬರೆದ ಗೇಜ್ ಪಟ್ಟಿ ಇರುತ್ತದೆ. ನೀರು ಯಾವ ಗೆರೆಗೆ ನಿಂತಿದೆ ಎಂದು ನೋಡಿ, ಆ ಕಾಲುವೆಗೆಂದು ಮಾಡಿಟ್ಟ ಕೋಷ್ಟಕದಲ್ಲಿ ಅದು ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ) ಎಂದು ಓದಿಕೊಳ್ಳಬೇಕು. 11,574 ಕ್ಯೂಸೆಕ್ ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ. ಆದರೆ ಕೋಷ್ಟಕ ಬರೆದದ್ದು ಹೊಸ ಕಾಲುವೆಗೆ. ಹೂಳು ತುಂಬಿ, ಜಾಲಿ ಬೆಳೆದ ಕಾಲುವೆಯಲ್ಲಿ ನೀರು ಅದೇ ಗೆರೆ ಮುಟ್ಟಿದ್ದರೂ ಹರಿಯುವುದು ಕಡಿಮೆ. ಪುಸ್ತಕದಲ್ಲಿ ಹೋದ ನೀರು ಕೊನೆಯಂಚಿನ ಹೊಲಕ್ಕೆ ಹೋಗದಿರಲು ಇದೂ ಒಂದು ಕಾರಣ.

ಮಲಪ್ರಭೆ ಕೃಷ್ಣೆಯ ಉಪನದಿ. ಹಾಗಾಗಿ ಮೇಲಿನ ಹಂತದ ಲೆಕ್ಕ ಕಟ್ಟುನಿಟ್ಟಾದದ್ದು ಬಚಾವತ್ ನ್ಯಾಯಮಂಡಳಿಯಿಂದ. 1969ರಲ್ಲಿ ರಚನೆಯಾದ ಈ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 1973ರಲ್ಲಿ ಕೊಟ್ಟು 1976ರಲ್ಲಿ ಅಂತಿಮಗೊಳಿಸಿದ ತೀರ್ಪು ಕರ್ನಾಟಕಕ್ಕೆ 700 ಟಿಎಂಸಿ ಹಂಚಿತು. ಜೂನ್ 1ರಿಂದ ಮೇ 31ರವರೆಗಿನ ಜಲವರ್ಷದಲ್ಲಿ ಪ್ರತಿ ರಾಜ್ಯವೂ ತನ್ನ ಬಳಕೆಯ ದಾಖಲೆ ಇಡಬೇಕೆಂದಿತು. ನೀರಾವರಿಗೆ ತಿರುಗಿಸಿದ್ದು ಪೂರ್ತಿ ಬಳಕೆ. ಜಲಾಶಯದಿಂದ ಆವಿಯಾದದ್ದೂ ಬಳಕೆಯೇ. ಕಣಿವೆಯೊಳಗಿನ ಊರುಗಳ ಕುಡಿಯುವ ನೀರಿಗೆ ಶೇ. 20ರಷ್ಟು, ಕೈಗಾರಿಕೆಗೆ ಶೇ. 2.5ರಷ್ಟು ಮಾತ್ರ ಲೆಕ್ಕ. ಉಳಿದದ್ದು ಹೊಳೆಗೆ ಮರಳುತ್ತದೆ ಎಂಬ ಎಣಿಕೆ. ಯಾವ ರೂಪದಲ್ಲಿ ಮರಳುತ್ತದೆ ಎಂಬುದನ್ನು ಹುಬ್ಬಳ್ಳಿಯ ಕೊಳಚೆ ಹೊತ್ತು ಬಂದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆ ಸೇರುವ ಬೆಣ್ಣಿಹಳ್ಳದ ದಂಡೆಯವರನ್ನು ಕೇಳಬೇಕು.

ರಾಜ್ಯ ರಾಜ್ಯಗಳ ನಡುವೆ ಇಷ್ಟು ಸೂಕ್ಷ್ಮವಾಗಿ ಅಳೆದ ನೀರನ್ನು ರೈತನ ಹೊಲದ ಬದುವಿನಲ್ಲಿ ಅಳೆಯಲೇ ಇಲ್ಲ. ಅಲ್ಲಿ ಅಳೆದದ್ದು ನೆಲವನ್ನು. ಸರ್ವೆ ನಂಬರ್ ಅಚ್ಚುಕಟ್ಟಿನ ನಕಾಶೆಯೊಳಗೆ ಬಿದ್ದರೆ ಸಾಕು, ನೀರು ತಲುಪಲಿ ಬಿಡಲಿ ನೀರಿನ ಕರ ಬರುತ್ತಿತ್ತು. ಜೊತೆಗೆ ಭೂಮಿಯ ಬೆಲೆ ಏರಿತೆಂದು ಅಭಿವೃದ್ಧಿ ಕರ. ಹತ್ತಿಯ ಬೆಲೆ ಬಿದ್ದ ದಿನಗಳಲ್ಲಿ ಈ ಬಾಕಿ ವಸೂಲಿಗೆ ಹೊರಟದ್ದೇ 1980ರ ರೈತ ಬಂಡಾಯಕ್ಕೆ ಕಿಡಿಯಾಯಿತು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಅಂದಿನ ಮುಖ್ಯಮಂತ್ರಿ ಗುಂಡೂರಾವ್ ಸರ್ಕಾರವನ್ನು ಅಲುಗಿಸಿದ, ರಾಜ್ಯ ರೈತ ಸಂಘ ಬೆಳೆಯಲು ನೆಲ ಹದಮಾಡಿದ ಈ ಘಟನೆಯನ್ನು ಸಾಮಾನ್ಯವಾಗಿ ಕರ ನಿರಾಕರಣೆಯ ಕಥೆಯಾಗಿ ಹೇಳುತ್ತಾರೆ. ಬಾರದ ನೀರಿಗೆ ಬಂದ ಬಿಲ್ಲಿನ ಕಥೆ ಎಂದರೆ ಹೆಚ್ಚು ನಿಜ. ನರಗುಂದದಲ್ಲಿ ಹುತಾತ್ಮರ ವೀರಗಲ್ಲಿದೆ. ಪ್ರತಿ ಜುಲೈ 21ಕ್ಕೆ ರೈತರು ಅಲ್ಲಿ ಸೇರುತ್ತಾರೆ.

ಮುಂದೆಯೂ ದರ ನಿಗದಿ ಎಕರೆ ಲೆಕ್ಕದಲ್ಲೇ ಉಳಿಯಿತು. 2000ದ ಪರಿಷ್ಕರಣೆಯಲ್ಲಿ ಕಬ್ಬಿಗೆ ಎಕರೆಗೆ 400 ರೂಪಾಯಿ, ಭತ್ತಕ್ಕೆ 100 ರೂಪಾಯಿ. ಅದೇ ವರ್ಷ ತಿದ್ದಿದ ನೀರಾವರಿ ಕಾಯ್ದೆ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ನೀರನ್ನು ಸಗಟಾಗಿ ಅಳೆದು ಕೊಡುವ ದಾರಿ ತೆರೆಯಿತು. ಕಾಗದದ ಮಟ್ಟಿಗೆ ಇದು ದೊಡ್ಡ ತಿರುವು. ಆದರೆ ಕಾಲುವೆಯಲ್ಲೇ ನೀರಿಲ್ಲದಾಗ ಸಂಘ ಅಳೆಯುವುದಾದರೂ ಏನನ್ನು? ಮಲಪ್ರಭಾ ಜಲಾಶಯ ತುಂಬಿದ ವರ್ಷಗಳು ಬೆರಳೆಣಿಕೆಯವು. 2024ರಲ್ಲಿ ಅದೇ ಕಾಯ್ದೆಗೆ ಬಂದ ಮತ್ತೊಂದು ತಿದ್ದುಪಡಿ, ಕಾಲುವೆಗೆ ಪಂಪ್ ಹಚ್ಚಿ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಿತು. ಬೋರ್‌ವೆಲ್ ನಂಬಿದ ಗಜೇಂದ್ರಗಡದ ಕಡೆಗೆ ಅನ್ವಯಿಸುವುದು 2011ರ ಅಂತರ್ಜಲ ಕಾಯ್ದೆ.

ಮಲಪ್ರಭಾ ಜಲಾಶಯದ ಈ ಕೊರತೆ ನೀಗಲೆಂದೇ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಬೇಡಿಕೆ. 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಕೂತ ರೈತರು ಕೇಳಿದ್ದು 7.56 ಟಿಎಂಸಿ. ಮಹದಾಯಿ ಜಲವಿವಾದ ನ್ಯಾಯಮಂಡಳಿಯ 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕಳಸಾ ನಾಲೆಯ ತಿರುವಿಗೆ 1.72, ಬಂಡೂರಿ ನಾಲೆಯ ತಿರುವಿಗೆ 2.18, ಒಟ್ಟು 3.9 ಟಿಎಂಸಿ ಸಿಕ್ಕಿತು. ನವಿಲುತೀರ್ಥದ ಜಲಾಶಯ ಹಿಡಿಯುವ ನೀರಿನ ಹತ್ತನೇ ಒಂದು ಪಾಲು. 2020ರ ಫೆಬ್ರುವರಿಯಲ್ಲಿ ಈ ತೀರ್ಪಿನ ಅಧಿಸೂಚನೆ ಹೊರಟಿತು. ತೀರ್ಪಿನ ಪಾಲನೆ ನೋಡಿಕೊಳ್ಳಲು ‘ಪ್ರವಾಹ’ ಎಂಬ ಪ್ರಾಧಿಕಾರಕ್ಕೆ 2023ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹನಿ ನೀರು ಈ ಕಡೆ ತಿರುಗುವ ಮೊದಲೇ ಅದರ ಲೆಕ್ಕ ನೋಡುವ ಕಚೇರಿ ಸಿದ್ಧವಾಯಿತು.